ಮನಸ್ಸಿನ ಹಸಿವಿಗೆ ಮಿರ್ಚಿ ಮದ್ದಲ್ಲ

ಸಂಜೆ ಐದೂವರೆ ಆಗುತ್ತಿದ್ದಂತೆ ಸಿರುಗುಪ್ಪದ ಮಿರ್ಚಿ ಬಂಡಿಗಳಲ್ಲಿ ಎಣ್ಣೆ ಕಾದಿರುತ್ತದೆ. ಗೇಣುದ್ದದ ಹಸಿಮೆಣಸಿನಕಾಯಿ ಸೀಳಿ, ಒಳಗೆ ಜೀರಿಗೆ, ಅಜವಾನ, ಉಪ್ಪು ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಟ್ಟರೆ ನಿಮಿಷದಲ್ಲಿ ಉಬ್ಬಿ ಮೇಲೇಳುತ್ತದೆ. ಪಕ್ಕದ ಬುಟ್ಟಿಯಲ್ಲಿ ಮಂಡಕ್ಕಿ ಒಗ್ಗರಣೆ. ನೀರಲ್ಲಿ ತೋಯಿಸಿ ಹಿಂಡಿದ ಮಂಡಕ್ಕಿಗೆ ಉಳ್ಳಾಗಡ್ಡಿ, ಅರಿಶಿಣ, ಹಸಿಮೆಣಸಿನ ಒಗ್ಗರಣೆ ಬಿದ್ದು, ಮೇಲೆ ಪುಠಾಣಿ ಹಿಟ್ಟು ಉದುರಿ, ಲಿಂಬೆ ಹಿಂಡಿದರೆ ಮುಗಿಯಿತು. 'ಒಂದ್ ಪ್ಲೇಟ್ ಒಗ್ಗರಣಿ, ನಾಕ್ ಮಿರ್ಚಿ' ಎಂಬ ಕೂಗು ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಯಾವ ಬೀದಿಗೆ ಹೋದರೂ ಕೇಳುತ್ತದೆ. ಎಷ್ಟೋ ಮಂದಿಗೆ ಬೆಳಗಿನ ನಾಷ್ಟಾವೂ ಇದೇ.

ಬಂಡಿಯ ಮುಂದೆ ನಿಂತವರಲ್ಲಿ ನಿಜವಾಗಿ ಹಸಿದವರಿರುತ್ತಾರೆ. ನಾಟಿ ಮುಗಿಸಿ ಬಂದ ಕೂಲಿಯವರು, ಮಧ್ಯಾಹ್ನದ ಡಬ್ಬಿ ಮುಗಿದು ಹೊತ್ತಾದ ಕಾಲೇಜು ಹುಡುಗರು. ಅವರ ಪಕ್ಕದಲ್ಲೇ ಎರಡೂವರೆಗೆ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಅನ್ನ ಸಾರು ಉಂಡು ಬಂದವರೂ ಇರುತ್ತಾರೆ. ಭತ್ತದ ರೇಟು ಬಿದ್ದಿದೆ, ಸಾಲದ ಕಂತು ಎದುರಿಗಿದೆ, ಮಗಳ ಫೀಸು ಕಟ್ಟಬೇಕಿದೆ. ಕೇಳಿದರೆ 'ತಲಿ ಕೆಟ್ಟೈತಿ, ಬಾ ಮಿರ್ಚಿ ತಿನ್ನೂಣು' ಎನ್ನುತ್ತಾರೆ. ಇವರ ಕೈಯಲ್ಲಿರುವುದು ತಿಂಡಿಯ ತಟ್ಟೆ ನಿಜ, ಆದರೆ ಅವರು ಅದನ್ನು ಬಳಸುತ್ತಿರುವುದು ಔಷಧಿಯಾಗಿ.

ಹೊಟ್ಟೆಯ ಹಸಿವಿಗಲ್ಲದೆ ಬೇಸರ, ಸಿಟ್ಟು, ಒಂಟಿತನ, ಆತಂಕಗಳಿಗೆ ತಿನ್ನುವ ಈ ರೂಢಿಯನ್ನು ಮನಃಶಾಸ್ತ್ರದಲ್ಲಿ ಭಾವನಾತ್ಮಕ ತಿನ್ನುವಿಕೆ ಎನ್ನುತ್ತಾರೆ. ಅದೇ ಒಂದು ಕಾಯಿಲೆಯಲ್ಲ. ಎಲ್ಲರೂ ಒಮ್ಮೊಮ್ಮೆ ಹಾಗೆ ತಿನ್ನುವವರೇ. ದುಃಖಕ್ಕೆ ಅದೊಂದೇ ಮದ್ದು ಎನ್ನುವಂತಾದಾಗ ಮೈತೂಕ ಏರತೊಡಗುತ್ತದೆ, ಏರಿದ ತೂಕವೇ ಮತ್ತೊಂದು ದುಃಖವಾಗುತ್ತದೆ. ತೂಕ ಇಳಿಸಲು ಹೊರಟವರು ಅನ್ನ ಬಿಡುತ್ತಾರೆ, ಸಕ್ಕರೆ ಬಿಡುತ್ತಾರೆ. ತಿನ್ನಿಸುತ್ತಿರುವ ಸಂಕಟ ಮಾತ್ರ ಇದ್ದಲ್ಲೇ ಇರುತ್ತದೆ. ಮೂರು ತಿಂಗಳಲ್ಲಿ ಇಳಿದದ್ದು ಆರು ತಿಂಗಳಲ್ಲಿ ಮರಳಿ ಬರುವುದು ಹೀಗೆ.

ಬರದ ನಾಡಿಗೆ ಅನ್ನ ಬಂದ ಬಗೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಶೇ 23.3ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇತ್ತು. 2019–21ರ ಹೊತ್ತಿಗೆ ಅದು ಶೇ 30.1 ಆಯಿತು. ಗಂಡಸರಲ್ಲಿ ಶೇ 22.1 ಇದ್ದದ್ದು 30.9ಕ್ಕೆ ಏರಿತು. ಇದನ್ನು ದೊಡ್ಡ ನಗರಗಳ ಸಾಫ್ಟ್‌ವೇರ್ ಕಾಯಿಲೆ ಎಂದು ತಳ್ಳಿಹಾಕುವಂತಿಲ್ಲ. ಭತ್ತದ ಕಣಜ ಎನಿಸಿಕೊಂಡ ಸಿರುಗುಪ್ಪದಂಥ ಊರಿನಲ್ಲಿ ಅದಕ್ಕೆ ತನ್ನದೇ ಹಿನ್ನೆಲೆ ಇದೆ.

1876–78ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವವನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಚಿಲ್ಲರೆ ಕಾಸು ಸಾಕೆಂದು ಆಗಿನ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದ. ಅಂಥ ನಾಡಿನ ಕಪ್ಪು ನೆಲದಲ್ಲಿ ಜೋಳ, ನವಣೆ, ಹತ್ತಿ ಬೆಳೆಯುತ್ತಿದ್ದವು. ಅಕ್ಕಿಯ ಅನ್ನ ಹಬ್ಬಕ್ಕೆ, ಬೀಗರು ಬಂದಾಗ ಮಾತ್ರ. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿತ್ತು. 1953ರಲ್ಲಿ ಅಣೆಕಟ್ಟೆ ಮುಗಿದು ಕಾಲುವೆಯಲ್ಲಿ ನೀರು ಹರಿಯಿತು. ಕೆಳಮಟ್ಟದ ಕಾಲುವೆ ಸಿರುಗುಪ್ಪದ ನೆಲವನ್ನು ಗದ್ದೆ ಮಾಡಿತು, ಗದ್ದೆಯ ಹಿಂದೆ ಅಕ್ಕಿ ಗಿರಣಿಗಳು ಬಂದವು. ಹಬ್ಬದ ಊಟ ದಿನದ ಊಟವಾಯಿತು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲಂತೂ ಅಕ್ಕಿ ಎಲ್ಲರ ಮನೆಯ ಮೂಟೆಯಲ್ಲಿದೆ.

ಹಸಿವು ಹಿಂಗಿದ್ದು ದೊಡ್ಡ ಗೆಲುವು, ಅದನ್ನು ಯಾರೂ ಹಗುರವಾಗಿ ಆಡಬಾರದು. ಆದರೆ ಅನ್ನ ಹೆಚ್ಚಿದ ಅದೇ ವರ್ಷಗಳಲ್ಲಿ ಮೈಗೆಲಸ ಕುಗ್ಗಿತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಕುಡುಗೋಲಿನ ಜಾಗಕ್ಕೆ ಕಟಾವು ಯಂತ್ರ, ನಡಿಗೆಯ ಜಾಗಕ್ಕೆ ಬೈಕು ಬಂತು. ಬಡಿಸುವ ಕೈಯ ಧಾರಾಳ ಮಾತ್ರ ಹಳೆಯದೇ. 'ಇನ್ನೊಂದೀಟು ಹಾಕ್ಕಳ್ರಿ' ಎಂದಾಗ ಬೇಡವೆನ್ನುವುದು ಇಲ್ಲಿ ಅಪಚಾರ. ಬರ ಕಂಡ ನಾಡಿನಲ್ಲಿ ಪ್ರೀತಿ ತೋರಿಸುವ ಮೊದಲ ದಾರಿ ಉಣ್ಣಿಸುವುದೇ ಆಗಿತ್ತು. ಅತ್ತ ಮಗುವಿನ ಕೈಗೆ ಬಿಸ್ಕತ್ತು, ಪಾಸಾದ ಹುಡುಗನಿಗೆ ಬೇಕರಿ ಪಾರ್ಟಿ, ಸಿಟ್ಟಾದ ಗಂಡನಿಗೆ ಬಿಸಿ ಭಜಿ. ದುಃಖವನ್ನು ಬಾಯಿಗೆ ಏನಾದರೂ ಹಾಕಿ ಶಮನ ಮಾಡಬಹುದೆಂಬ ಪಾಠವನ್ನು ನಾವು ಎಳವೆಯಲ್ಲೇ ಕಲಿತಿರುತ್ತೇವೆ.

ಎರಡು ಹಸಿವು, ಒಂದೇ ಬಾಯಿ

ಹೊಟ್ಟೆಯ ಹಸಿವು ಮೆಲ್ಲಗೆ ಬರುತ್ತದೆ. ರೊಟ್ಟಿ, ಅನ್ನ, ತಂಗಳು ಏನಿದ್ದರೂ ಒಪ್ಪುತ್ತದೆ, ತುಂಬಿದರೆ ಸುಮ್ಮನಾಗುತ್ತದೆ. ಮನಸ್ಸಿನ ಹಸಿವು ತಟ್ಟನೆ ಬರುತ್ತದೆ. ಅದಕ್ಕೆ ಮಿರ್ಚಿಯೇ ಆಗಬೇಕು, ಇಲ್ಲವೇ ಸಿಹಿಯೇ ಆಗಬೇಕು. ಹೊಟ್ಟೆ ತುಂಬಿದ ಮೇಲೂ ಕೈ ತಟ್ಟೆಗೆ ಹೋಗುತ್ತಿರುತ್ತದೆ, ಮುಗಿದ ಮೇಲೆ ತಪ್ಪು ಮಾಡಿದಂಥ ಅಳುಕು ಉಳಿಯುತ್ತದೆ. 'ಈಗ ಬಿಸಿ ರೊಟ್ಟಿ, ಕಾಳು ಪಲ್ಯ ಕೊಟ್ಟರೆ ತಿನ್ನುತ್ತೀಯಾ?' ಎಂದು ತನ್ನನ್ನೇ ಕೇಳಿಕೊಂಡರೆ ಸಾಕು. ಹೌದು ಎಂದರೆ ಅದು ಹಸಿವು. ಬೇಡ, ಮಿರ್ಚಿಯೇ ಬೇಕು ಎಂದರೆ ಕೇಳುತ್ತಿರುವುದು ಮನಸ್ಸು.

ಇದರ ಹಿಂದೆ ದೇಹದ ಕೆಲಸವೂ ಇದೆ. ದಿಢೀರ್ ಗಾಬರಿಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಆದರೆ ಒತ್ತಡ ವಾರ, ತಿಂಗಳುಗಟ್ಟಲೆ ಎಳೆದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿಯೇ ಇರುತ್ತದೆ. ಆಗ ಎಣ್ಣೆ, ಸಕ್ಕರೆಯ ತಿನಿಸಿನತ್ತ ಸೆಳೆತ ಹೆಚ್ಚುತ್ತದೆ. ತಿಂದಾಗ ಮಿದುಳಿಗೆ ಒಂದಿಷ್ಟು ಹೊತ್ತು ನಿಜವಾಗಿಯೇ ಹಿತವೆನಿಸುತ್ತದೆ. ಆ ಹಿತವನ್ನು ಮಿದುಳು ನೆನಪಿಟ್ಟುಕೊಂಡು, ಮುಂದಿನ ಸಂಕಟದಲ್ಲಿ ಅದೇ ಅಂಗಡಿಯ ದಾರಿ ತೋರಿಸುತ್ತದೆ. ನಿದ್ದೆ ಕೆಟ್ಟರೆ ಹಸಿವಿನ ಹಾರ್ಮೋನಾದ ಗ್ರೆಲಿನ್ ಏರಿ ಸೆಳೆತ ಇನ್ನೂ ಬಲಿಯುತ್ತದೆ.

ಇಂಥ ಎಳೆಯುವ ಒತ್ತಡ ಈ ಸೀಮೆಗೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ನೀರನ್ನೇ ನಂಬಿದ ಊರುಗಳು ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಕೂರಿಸಿ ಹರಿವು ನಿಲ್ಲಿಸುವವರೆಗೆ ವಾರವಿಡೀ ಉಸಿರು ಬಿಗಿಹಿಡಿದವು. ಕಾಲುವೆ ನೀರು, ಮಳೆ, ದಲಾಲಿಯ ದರ, ಗಿರಣಿಯ ಬಾಕಿ: ರೈತನ ಆತಂಕ ಇಲ್ಲಿ ಹಂಗಾಮಿಗೊಮ್ಮೆ ತಪ್ಪದೆ ಬರುತ್ತದೆ. ಅಂಥವನಿಗೆ 'ಬಾಯಿ ಕಟ್ಟು' ಎಂಬ ಉಪದೇಶ ಕೊಟ್ಟರೆ ಅರ್ಧ ಸಮಸ್ಯೆಯನ್ನಷ್ಟೇ ನೋಡಿದಂತೆ.

ಮಧ್ಯಾಹ್ನ ಮೂರರ ಅಡುಗೆಮನೆ

ಗಂಡಸರ ತಿನ್ನುವಿಕೆ ಬಂಡಿಯ ಮುಂದೆ, ಎಲ್ಲರಿಗೂ ಕಾಣುವಂತೆ ನಡೆಯುತ್ತದೆ. ಹೆಂಗಸರದ್ದು ಅಡುಗೆಮನೆಯಲ್ಲಿ, ಯಾರೂ ಕಾಣದಂತೆ. ಬೆಳಿಗ್ಗೆ ಐದಕ್ಕೆ ಎದ್ದು ಚಹಾ, ನಾಷ್ಟಾ, ಡಬ್ಬಿ. ಹನ್ನೊಂದಕ್ಕೆ ಮತ್ತೊಂದು ಚಹಾ, ಅದಕ್ಕೆರಡು ಚಮಚೆ ಸಕ್ಕರೆ. ಎಲ್ಲರದೂ ಊಟ ಮುಗಿದು ಆಕೆ ಕೂರುವಾಗ ಗಡಿಯಾರದಲ್ಲಿ ಮೂರು. ಬೋಗುಣಿಯಲ್ಲಿ ಅನ್ನ ಉಳಿದಿರುತ್ತದೆ, ಪಲ್ಯ ತಳ ಕಂಡಿರುತ್ತದೆ. 'ಚೆಲ್ಲಬಾರದು' ಎಂದು ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನೂ ಸೇರಿಸಿ ಉಣ್ಣುತ್ತಾಳೆ. ಮನೆ ನಿಶ್ಶಬ್ದವಾದ ಮೇಲೆ ಟಿ.ವಿ. ಮುಂದೆ ಡಬ್ಬಿಯಲ್ಲಿನ ಚೂಡಾ, ಖಾರ, ಬಿಸ್ಕತ್ತು. ದಿನವಿಡೀ ಆಕೆ ತನಗಾಗಿ ತೆಗೆದಿಟ್ಟುಕೊಂಡ ಹೊತ್ತು ಅದೊಂದೇ.

ಇಲ್ಲಿ ತಿಂಡಿಯ ಡಬ್ಬಿಗೆ ಬೀಗ ಹಾಕಿದರೆ ಏನೂ ಆಗುವುದಿಲ್ಲ. ಆಕೆ ಎಲ್ಲರ ಜೊತೆ ಒಂದೂವರೆಗೆ, ಪಲ್ಯ ಇರುವಾಗಲೇ ಉಂಡರೆ ಮೂರರ ಹಸಿವು ಕುಗ್ಗುತ್ತದೆ. ಸಂಜೆ ಅರ್ಧ ಗಂಟೆ ಓಣಿಯ ಗೆಳತಿಯರ ಜೊತೆ ನಡೆಯಲು ಹೊರಟರೆ ಡಬ್ಬಿ ಕೊಡುತ್ತಿದ್ದ ಬಿಡುವು ಬೇರೆ ಕಡೆಯಿಂದ ಸಿಗುತ್ತದೆ. ಅಂದರೆ ಹೆಂಡತಿಯ ತೂಕ ಇಳಿಯಲು ಮೊದಲು ಬದಲಾಗಬೇಕಾದದ್ದು ಮನೆಮಂದಿಯ ರೂಢಿ. ತೂಕದ ಬಗ್ಗೆ ಚುಚ್ಚಿ ಮಾತಾಡುವ ಮನೆಗಳಲ್ಲಿ ಅದು ಏರುತ್ತದೆಯೇ ವಿನಾ ಇಳಿಯುವುದಿಲ್ಲ. 'ದಪ್ಪ ಆಗೀಯ' ಎಂಬ ಮಾತು ಕೇಳಿದ ಮರುಗಳಿಗೆ ಕೈ ಮತ್ತೆ ಡಬ್ಬಿಯ ಮುಚ್ಚಳಕ್ಕೇ ಹೋಗುತ್ತದೆ.

ಉಪವಾಸ ಸೋಲುವುದು ಏಕೆ

ತುಂಗಭದ್ರೆಗೆ ಅಡಿಗಲ್ಲು ಬಿದ್ದ 1945ರ ಅದೇ ಫೆಬ್ರುವರಿಯಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಏನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಅರೆಹೊಟ್ಟೆಯಲ್ಲಿಟ್ಟು ಪ್ರಯೋಗ ಶುರುಮಾಡಿದ್ದರು. 24 ವಾರಗಳಲ್ಲಿ ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಅದರ ಜೊತೆಗೆ ಮನಸ್ಸೂ ಬದಲಾಯಿತು. ಊಟದ್ದೇ ಮಾತು, ಊಟದ್ದೇ ಕನಸು. ಅಡುಗೆ ಪುಸ್ತಕ ಓದುವುದು, ತಟ್ಟೆ ನೆಕ್ಕುವುದು. ಪ್ರಯೋಗ ಮುಗಿದ ಮೇಲೆ ಹಲವರು ಹೊಟ್ಟೆ ತುಂಬಿದರೂ ನಿಲ್ಲಿಸಲಾರದೆ ಉಂಡರು. ಗಟ್ಟಿಮುಟ್ಟಾದ ತರುಣರ ಪಾಡೇ ಹೀಗಾದರೆ, ಎರಡು ಚಪಾತಿ, ಒಂದು ಸೌತೆಕಾಯಿಯ ಚೀಟಿ ಹಿಡಿದು ಹೊರಟವರು ಹದಿನೈದನೇ ದಿನ ಒಗ್ಗರಣೆ ಬಂಡಿಯ ಮುಂದೆ ನಿಲ್ಲುವುದರಲ್ಲಿ ಆಶ್ಚರ್ಯವೇನು?

2011ರಲ್ಲಿ ಪ್ರಕಟವಾದ ಮೆಲ್ಬರ್ನ್‌ನ ಅಧ್ಯಯನವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹತ್ತು ವಾರ ಕಠಿಣ ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಹಸಿವು ಹೆಚ್ಚಿಸುವ ಹಾರ್ಮೋನುಗಳು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಕಳೆದುಹೋದ ಕೊಬ್ಬನ್ನು ದೇಹ ನಷ್ಟವೆಂದು ಬಗೆದು ವಸೂಲಿಗೆ ನಿಲ್ಲುತ್ತದೆ. ಶ್ರಾವಣ ಸೋಮವಾರದ ಒಪ್ಪತ್ತು, ಏಕಾದಶಿ, ರಂಜಾನ್ ರೋಜಾ ನಂಬಿಕೆಯ ವಿಷಯ, ಅವುಗಳ ಬೆಲೆಯೇ ಬೇರೆ. ತೂಕ ಇಳಿಸಲೆಂದು ಅವನ್ನು ಹಿಡಿದರೆ ರಾತ್ರಿಯ ಸಾಬುದಾನಿ ಹಗಲಿನ ಲೆಕ್ಕವನ್ನೆಲ್ಲ ಸರಿದೂಗಿಸಿಬಿಡುತ್ತದೆ.

ಅಡ್ಡದಾರಿಗಳೂ ಇವೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ 21 ವರ್ಷದ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಪ್ರಾಣ ಕಳೆದುಕೊಂಡರು. 2025ರಿಂದ ಮೌಂಜಾರೊ, ವೆಗೋವಿಯಂಥ ಚುಚ್ಚುಮದ್ದುಗಳು ದೇಶದ ಮಾರುಕಟ್ಟೆಗೆ ಬಂದಿವೆ. ಅವು ಹಸಿವನ್ನು ನಿಜಕ್ಕೂ ತಗ್ಗಿಸುತ್ತವೆ, ಬೊಜ್ಜಿನಿಂದ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬಂದವರಿಗೆ ವೈದ್ಯರ ನಿಗಾದಲ್ಲಿ ಉಪಕಾರಿ. ಆದರೆ ವೆಗೋವಿಯಲ್ಲಿರುವ ಸೆಮಗ್ಲುಟೈಡ್ ಎಂಬ ಮದ್ದನ್ನು ನಿಲ್ಲಿಸಿದವರು ಒಂದು ವರ್ಷದೊಳಗೆ ಇಳಿಸಿದ ತೂಕದ ಮೂರರಲ್ಲಿ ಎರಡು ಪಾಲನ್ನು ಮರಳಿ ಪಡೆದದ್ದೂ ದಾಖಲಾಗಿದೆ. ಮದ್ದು ಇರಲಿ, ಬಿಡಲಿ, ಬದುಕಿನ ರೂಢಿ ಬದಲಾಗದೆ ವಿಧಿಯಿಲ್ಲ.

ತಟ್ಟೆಯ ತಿದ್ದುಪಡಿ

ಜೋಳ ತಿಂದರೆ ತೂಕ ಇಳಿಯುತ್ತದೆ, ಅಕ್ಕಿ ತಿಂದರೆ ಏರುತ್ತದೆ ಎಂಬುದು ಅರ್ಧ ಸತ್ಯ. ನೂರು ಗ್ರಾಂ ಒಣಧಾನ್ಯ ತೆಗೆದುಕೊಂಡರೆ ಎರಡರ ಕ್ಯಾಲರಿಯೂ ಸರಿಸುಮಾರು 330ರಿಂದ 360ರ ಒಳಗೇ. ವ್ಯತ್ಯಾಸ ಇರುವುದು ನಾರಿನಲ್ಲಿ. ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರೊಟ್ಟಿಯನ್ನು ಅಗಿಯಬೇಕು, ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಅಷ್ಟು ಹೊತ್ತಾದರೂ ಬೇಕು. ಅನ್ನ ಜಾರಿ ಹೋಗುತ್ತದೆ, ಮಂಡಕ್ಕಿ ಇನ್ನೂ ಬೇಗ. ಈಗ ಈ ಭಾಗದಲ್ಲಿ ಬೆಳೆಯುತ್ತಿರುವ ಆರ್‌ಎನ್‌ಆರ್ 15048 ತಳಿಗೆ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಅಕ್ಕಿ ಎಂಬ ಹೆಸರಿದೆ. ಆ ಹೆಸರು ನಂಬಿ ಮೂರು ಸಲ ಬಡಿಸಿಕೊಂಡರೆ ಲಾಭ ಅಲ್ಲಿಗೇ ಮುಗಿಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ದಿನಕ್ಕೆ 2000 ಕ್ಯಾಲರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು–ತರಕಾರಿ 400 ಗ್ರಾಂ ಇರಬೇಕು. ಟೆಂಪಲ್‌ನ ಕ್ಷಾಮದ ಕೂಲಿಯಲ್ಲಿ ಧಾನ್ಯವೇ 450 ಗ್ರಾಂ ಇತ್ತು, ಬೇಳೆ ಸೊಪ್ಪಿನ ಮಾತೇ ಇರಲಿಲ್ಲ. ಇಂದು ಎಷ್ಟೋ ಮನೆಗಳ ತಟ್ಟೆಯೂ ಹಾಗೆಯೇ ಇದೆ: ಅನ್ನದ ಗುಡ್ಡ, ತಿಳಿಸಾರು, ಉಪ್ಪಿನಕಾಯಿ. ಇಂಥ ಊಟ ಬೇಗ ಕರಗಿ ಸಂಜೆ ಐದಕ್ಕೆ ಮತ್ತೆ ಬಾಯಿ ಕೇಳುತ್ತದೆ. ಹಾಗಾಗಿ ಮಿರ್ಚಿ ಬಿಡಿಸುವ ಕೆಲಸ ಶುರುವಾಗಬೇಕಾದದ್ದು ಮಧ್ಯಾಹ್ನದ ತಟ್ಟೆಯಲ್ಲಿ. ಒಂದು ರೊಟ್ಟಿ, ಹೆಸರು ಅಥವಾ ಮಡಿಕೆ ಕಾಳಿನ ಪಲ್ಯ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಮೂಲಂಗಿ, ಹಸಿ ಮೆಂತ್ಯೆ, ಗಟ್ಟಿ ಮೊಸರು. ಕೊನೆಗೆ ಒಂದು ಸೌಟು ಅನ್ನ. ಇದರಲ್ಲಿ ಅಂಗಡಿಯಿಂದ ವಿಶೇಷವಾಗಿ ತರಬೇಕಾದದ್ದು ಏನೂ ಇಲ್ಲ. ಪಲ್ಯಕ್ಕೆ ಹಾಕುವ ಎಣ್ಣೆಯ ಮೇಲೆ ಮಾತ್ರ ಕಣ್ಣಿರಲಿ. ಒಂದು ದೊಡ್ಡ ಚಮಚೆ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ ಇರುತ್ತದೆ.

ಹತ್ತು ನಿಮಿಷದ ಕೆಲಸ

ಅಂಗಡಿಗೆ ಖಾತೆ ಪುಸ್ತಕ ಇಟ್ಟಂತೆ ಬಾಯಿಗೂ ಒಂದು ಪುಸ್ತಕ ಇಡುವುದು ಮನೋವೈದ್ಯರು ಹೇಳುವ ಮೊದಲ ಉಪಾಯ. ಎಷ್ಟು ಹೊತ್ತಿಗೆ, ಏನು ತಿಂದೆ, ಹಸಿವು ಹತ್ತಕ್ಕೆ ಎಷ್ಟಿತ್ತು, ಮನಸ್ಸು ಹೇಗಿತ್ತು, ಇಷ್ಟೇ. ಎರಡು ವಾರದಲ್ಲಿ ಸಂಗತಿ ತಾನೇ ಹೊರಬೀಳುತ್ತದೆ. ಒಬ್ಬರಿಗೆ ಬ್ಯಾಂಕಿನ ಫೋನು ಬಂದ ದಿನ, ಇನ್ನೊಬ್ಬರಿಗೆ ಅತ್ತೆಯ ಜೊತೆ ಮಾತಿಗೆ ಮಾತಾದ ದಿನ, ಮತ್ತೊಬ್ಬರಿಗೆ ಬೆಂಗಳೂರಿನ ಮಗ ಫೋನು ಮಾಡದ ಭಾನುವಾರ.

ಎರಡನೆಯದು ತಡಮಾಡುವುದು. ತಿನ್ನಬಾರದು ಎಂದು ಶಪಥ ಮಾಡಿದರೆ ಸೆಳೆತ ಹೆಚ್ಚುತ್ತದೆ. ಹತ್ತು ನಿಮಿಷ ಬಿಟ್ಟು ತಿನ್ನುತ್ತೇನೆ ಎಂದರೆ ಮನಸ್ಸು ಒಪ್ಪುತ್ತದೆ. ಸೆಳೆತ ಏರಿ, ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ ಎಂಬುದನ್ನು ಕುಡಿತದ ಚಟ ಬಿಡಿಸುವ ಕೆಲಸದಲ್ಲಿ ಅಲನ್ ಮಾರ್ಲಟ್ ಎಂಬ ಮನಃಶಾಸ್ತ್ರಜ್ಞರು ತೋರಿಸಿದರು. ಆ ಹತ್ತು ನಿಮಿಷದಲ್ಲಿ ಒಂದು ಲೋಟ ನೀರು, ಓಣಿಯ ಒಂದು ಸುತ್ತು, ಗೆಳೆಯನಿಗೊಂದು ಫೋನು. ಆಮೇಲೂ ಬೇಕೆನಿಸಿದರೆ ತಿನ್ನಿ, ಆದರೆ ಕೂತು, ನಿಧಾನವಾಗಿ, ಎರಡೇ ಮಿರ್ಚಿ. ನಿಂತು, ಮೊಬೈಲು ನೋಡುತ್ತ ತಿಂದರೆ ನಾಲ್ಕು ಹೋದದ್ದೂ ಗೊತ್ತಾಗುವುದಿಲ್ಲ.

ನಡಿಗೆ ಮೂರನೆಯದು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಹಗಲು ನಡೆಯಿರಿ ಎನ್ನುವುದು ತಮಾಷೆಯ ಮಾತು. ಬೆಳಗಿನ ಆರರೊಳಗೆ, ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಒತ್ತಡವೂ ಇಳಿಯುತ್ತದೆ, ಊಟದ ನಂತರ ಏರುವ ಸಕ್ಕರೆಯೂ ತಗ್ಗುತ್ತದೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದು, ತೂಕದಲ್ಲಿ ಶೇ 7ರಷ್ಟು ಇಳಿಸುವ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವ ಅಪಾಯ ಶೇ 58ರಷ್ಟು ಕಡಿಮೆಯಾದದ್ದನ್ನು 2002ರ ಅಮೆರಿಕದ ಅಧ್ಯಯನ ತೋರಿಸಿದೆ. 80 ಕೆ.ಜಿ. ಇರುವವರಿಗೆ ಶೇ 7 ಎಂದರೆ ಸುಮಾರು ಐದೂವರೆ ಕೆ.ಜಿ. ಸಿನಿಮಾ ನಟರ ಮೈಕಟ್ಟು ಯಾರಿಗೂ ಬೇಕಿಲ್ಲ, ಇಷ್ಟು ಇಳಿದು ಅಲ್ಲೇ ನಿಂತರೆ ಗೆದ್ದಂತೆ.

ಇಳಿದ ತೂಕವನ್ನು ಅಲ್ಲೇ ನಿಲ್ಲಿಸುವುದೇ ಕಷ್ಟದ ಕೆಲಸ. ಕನಿಷ್ಠ 13.6 ಕೆ.ಜಿ. ಇಳಿಸಿ ವರ್ಷಕ್ಕಿಂತ ಹೆಚ್ಚು ಕಾಲ ಉಳಿಸಿಕೊಂಡ ಸಾವಿರಾರು ಜನರ ಮಾಹಿತಿಯನ್ನು ಅಮೆರಿಕದಲ್ಲಿ 1994ರಿಂದ ಕಲೆಹಾಕುತ್ತ ಬಂದಿದ್ದಾರೆ. ಬಹುತೇಕರ ಗುಟ್ಟು ಒಂದೇ: ಬೆಳಗಿನ ತಿಂಡಿ ತಪ್ಪಿಸುವುದಿಲ್ಲ, ವಾರಕ್ಕೊಮ್ಮೆ ತೂಕ ನೋಡುತ್ತಾರೆ, ದಿನವೂ ಸುಮಾರು ಒಂದು ಗಂಟೆ ಮೈ ಅಲುಗಿಸುತ್ತಾರೆ, ಭಾನುವಾರಕ್ಕೆ ಬೇರೆ ಕಾನೂನು ಮಾಡಿಕೊಳ್ಳುವುದಿಲ್ಲ. ಪಂಚಮಿಯ ಶೇಂಗಾ ಉಂಡಿ, ಎಳ್ಳಮಾಸಿಯ ಹೊಲದೂಟ ಬಿಡಬೇಕಿಲ್ಲ. ಹಬ್ಬದ ಹತ್ತಿಪ್ಪತ್ತು ದಿನಗಳಿಂದ ಯಾರೂ ದಪ್ಪವಾಗುವುದಿಲ್ಲ. ಹಬ್ಬ ಮುಗಿದ ಮೇಲೂ ಡಬ್ಬಿ ಖಾಲಿಯಾಗದಂತೆ ತುಂಬುವ ಮನೆಗಳಲ್ಲಿ ತೊಂದರೆ ಇರುವುದು.

ಮಾತಾಡಬೇಕಾದವರು ಮಾತಾಡಲಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಎರಡು ಪಾದಗಳನ್ನು ನಾವು ಬೇರೆ ಬೇರೆಯಾಗಿ ಓದುತ್ತ ಬಂದಿದ್ದೇವೆ. ಮನಸ್ಸಿನ ಹಸಿವಿನಲ್ಲಿ ಎರಡೂ ಒಂದೇ. ಬಾಯಿಂದ ಹೊರಗೆ ಬರಬೇಕಾದ ಮಾತು ಬರಲಾರದೆ ಹೋದಾಗ ಅದೇ ಬಾಯೊಳಗೆ ತಿನಿಸು ಹೋಗುತ್ತದೆ. ಸಾಲವಾಗಿದೆ ಎಂದು ಹೆಂಡತಿಗೆ ಹೇಳದ ಗಂಡ, ಸಾಕಾಗಿದೆ ಎಂದು ಯಾರಿಗೂ ಹೇಳದ ಹೆಂಡತಿ, ಫೇಲಾಗುವ ಭಯವನ್ನು ಅಪ್ಪನಿಗೆ ಹೇಳದ ಮಗ. ಇವರ ತೂಕದ ಮೂಲ ಅಡುಗೆಮನೆಯಲ್ಲಿ ಸಿಗುವುದಿಲ್ಲ.

ಸ್ವಂತ ಪ್ರಯತ್ನಕ್ಕೂ ಮಿತಿ ಇದೆ. ಸ್ವಲ್ಪ ಹೊತ್ತಿನಲ್ಲೇ ವಿಪರೀತ ತಿನ್ನುವುದು, ನಿಲ್ಲಿಸಲಾಗದೆ ಒದ್ದಾಡುವುದು, ಕದ್ದು ತಿನ್ನುವುದು, ಆಮೇಲೆ ತನ್ನ ಮೇಲೇ ಅಸಹ್ಯ ಪಡುವುದು ವಾರವಾರ ನಡೆಯುತ್ತಿದ್ದರೆ ಅದು ಅತಿಭಕ್ಷಣೆಯ ಕಾಯಿಲೆ ಆಗಿರಬಹುದು. 2013ರಿಂದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಸ್ವತಂತ್ರ ಸ್ಥಾನವಿದೆ, ಚಿಕಿತ್ಸೆಯೂ ಇದೆ. ಥೈರಾಯ್ಡ್, ಪಿಸಿಒಡಿ, ಕೆಲವು ಮಾತ್ರೆಗಳಿಂದಲೂ ತೂಕ ಏರುವುದರಿಂದ ಮೊದಲು ವೈದ್ಯರಿಗೆ ತೋರಿಸುವುದು ಕ್ಷೇಮ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಹುಚ್ಚು ಹಿಡಿದವರಷ್ಟೇ ಅಲ್ಲಿಗೆ ಹೋಗಬೇಕೆಂಬ ಸಂಕೋಚ ಬಿಟ್ಟರೆ ಅರ್ಧ ದಾರಿ ಸಾಗಿದಂತೆ. ಹೋಗಲಾಗದವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಿರ್ಚಿ ಬಂಡಿಯತ್ತ ಹೊರಟಾಗ ಹೊಟ್ಟೆ ಹಸಿದಿಲ್ಲವೆಂದು ಗೊತ್ತಿದ್ದರೆ ಮೊದಲು ಯಾರ ಜೊತೆಗಾದರೂ ಮಾತಾಡಿ. ಮನೆಯಲ್ಲಿ ಕೇಳುವವರಿಲ್ಲದಿದ್ದರೆ ಈ ಸಂಖ್ಯೆಗೆ ಫೋನು ಮಾಡಿ.